ಅಪ್ಪನ ಫೋಟೊಗೊಂದು ತೂತು

ಮರಗೆಲಸದವನಾದ ನಾನು ಅರಕೆರೆಯ ಒಂದು ಮನೆಗೆ ಬಾಗಿಲು ಕೂರಿಸಲು ಹೋಗಿದ್ದೆ. ಯಜಮಾನರು ಹೊಸ ಡ್ರಿಲ್ ಮಿಷನ್ನು ತೋರಿಸಿದರು. ಕಾಂಕ್ರೀಟು ಒಡೆಯುವಂಥ ದೊಡ್ಡದು. ತೀರಿಹೋದ ಅಪ್ಪನ ಫೋಟೊ ನೇತುಹಾಕಲು ತಂದಿದ್ದರಂತೆ.

"ಗೌಡ್ರೇ, ಇದು ಮಣ್ಣಿನ ಗೋಡೆ. ಒಂದು ಮೊಳೆ, ಸುತ್ತಿಗೆ ಸಾಕು," ಅಂದೆ.

"ಸುತ್ತಿಗೆ ಎಲ್ಲಾರ ಮನೇಲೂ ಅದೆ, ಸುಮ್ಕಿರಪ್ಪ," ಎಂದವರೇ ಮಿಷನ್ನನ್ನು ಗೋಡೆಗೆ ಒತ್ತಿಬಿಟ್ಟರು. ಮನೆಯೇ ಅದುರಿತು. ಧೂಳು ಇಳಿದಾಗ ಗೋಡೆಯಲ್ಲಿ ತಲೆ ತೂರುವಷ್ಟು ತೂತು. ಆಚೆ ಅಡುಗೆಮನೆಯಿಂದ ಅವರ ಹೆಂಡತಿ ಇಣುಕಿದರು. ಕೂದಲೆಲ್ಲ ಮಣ್ಣು.

"ಸಾರಿಗೆ ಮಣ್ಣು ಹಾಕಿದ್ದಾಯ್ತು. ಅನ್ನಕ್ಕೂ ಹಾಕ್ತೀರಾ?"

ಗೌಡರು ಮಿಷನ್ನು ಕೆಳಗಿಟ್ಟು ನನ್ನ ಕಿವಿಯಲ್ಲಿ ಕೇಳಿದರು: "ಇಲ್ಲಿಗೊಂದು ಕಿಟಕಿ ಮಾಡ್ಕೊಡ್ತೀಯೇನಪ್ಪ?"

ಮಾಡಿಕೊಟ್ಟೆ. ಬಾಗಿಲಿನ ಜೊತೆಗೆ ಕಿಟಕಿಯ ಕೂಲಿಯೂ ಸಿಕ್ಕಿತು. ಮೊಳೆ, ಸುತ್ತಿಗೆ ಸಾಕು ಅಂತ ಜನಕ್ಕೆ ಬುದ್ಧಿ ಹೇಳುವುದನ್ನು ಮಾತ್ರ ಅವತ್ತೇ ಬಿಟ್ಟೆ.