ಹೋರಿ ಹಿಡಿಯುವವನ ಹೆಂಡತಿ

ಬಳ್ಳಿಗಾವಿಯ ಕೊಟ್ರೇಶನಿಗೆ ಹೆಣ್ಣು ಕೊಡುವಾಗ ಕುಪ್ಪಗಡ್ಡೆಯವರು ಹೊಲ ನೋಡಿದರು, ಮನೆ ನೋಡಿದರು, ಹುಡುಗನ ಎದೆಯೊಳಗೆ ಏನಿದೆ ಎಂದು ನೋಡಲಿಲ್ಲ. ಯಾರು ತಾನೇ ನೋಡುತ್ತಾರೆ? ದೀಪಾವಳಿ ಮುಗಿದು ಹೋರಿ ಬೆದರಿಸುವ ಹಬ್ಬ ಶುರುವಾಯಿತೆಂದರೆ ಶಿಕಾರಿಪುರದ ಸೀಮೆಯಲ್ಲೆಲ್ಲ ಅವನದೇ ಸುದ್ದಿ. ಕೊಂಬಿಗೆ ಬಲೂನು, ಕೊರಳಿಗೆ ಕೊಬ್ಬರಿ ಹಾರ ಕಟ್ಟಿಸಿಕೊಂಡ ಹೋರಿ ಜನರ ನಡುವೆ ನುಗ್ಗಿ ಬಂದರೆ ಉಳಿದವರು ಬೇಲಿ ಹತ್ತುತ್ತಿದ್ದರು. ಇವನು ಮಾತ್ರ ಅದರ ಬೆನ್ನ ಮೇಲಿನ ಹಿಣಿಲಿಗೆ ಜೋತುಬಿದ್ದು, ಹಾರ ಹರಿದುಕೊಂಡೇ ಬಿಡುತ್ತಿದ್ದ. ಮದುವೆಯಾದ ವರ್ಷ ಆ ಕೊಬ್ಬರಿಯಿಂದ ಹೆಂಡತಿ ನೀಲಾಂಬಿಕ ಹೋಳಿಗೆ ಮಾಡಿ ಓಣಿಗೆಲ್ಲ ಹಂಚಿದಳು. ಅವಳಿಗೂ ಹೆಮ್ಮೆಯಿತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ.

ತೊಂಬತ್ಮೂರನೇ ಇಸವಿಯಲ್ಲಿ ಅವನಿಗೆ ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರತೊಡಗಿತು. ಚಿಕ್ಕಂದಿನಲ್ಲಿ ಬಂದ ಕೀಲುಜ್ವರ ಎದೆಯ ಕವಾಟವೊಂದನ್ನು ಕೆಡಿಸಿಟ್ಟಿತ್ತಂತೆ. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಎದೆ ಸೀಳಿ ಲೋಹದ ಕವಾಟ ಕೂರಿಸಿದರು. ಮನೆಗೆ ಕಳಿಸುವಾಗ ಡಾಕ್ಟರು ನೀಲಾಂಬಿಕಳ ಎದುರೇ ಹೇಳಿದರು: "ಈ ಬಿಳಿ ಗುಳಿಗೆ ರಕ್ತ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳುತ್ತೆ. ಒಂದು ದಿನಾನೂ ತಪ್ಪಿಸಬಾರದು. ಆದರೆ ಪೆಟ್ಟು ಬಿದ್ದರೆ ರಕ್ತ ಬೇಗ ನಿಲ್ಲಲ್ಲ. ಹೋರಿ ಗೀರಿ ಎಲ್ಲ ಮರೆತುಬಿಡಿ."

ಅವರು ಹೇಳಿದ್ದು ಎರಡು ಮಾತು. ಮೊದಲನೆಯದು ಅವಳ ಕಿವಿಯಲ್ಲಿ ಉಳಿಯಿತು, ಎರಡನೆಯದು ಹೊಟ್ಟೆಗೆ ಇಳಿಯಿತು. ಗಡ್ಡ ಹೆರೆಯುವಾಗ ಬ್ಲೇಡು ತಾಗಿದ್ದಕ್ಕೇ ಕೊಟ್ರೇಶನ ಟವೆಲ್ಲು ತೊಯ್ದಿದ್ದನ್ನು ಕಣ್ಣಾರೆ ಕಂಡ ಮೇಲಂತೂ ಅವಳಿಗೆ ಹೋರಿಯ ಕೊಂಬು ಕನಸಿನಲ್ಲಿ ಬರತೊಡಗಿತು.

ಎರಡು ಹಬ್ಬ ಅವನು ಬೇಲಿಯಾಚೆ ನಿಂತು ನೋಡಿದ. ಆದರೆ ಹುಟ್ಟುಗುಣ ಸುಟ್ಟರೂ ಹೋಗುತ್ತದೆಯೇ? ಸೊರಬದ ಕಡೆಯ ಹೋರಿಯೊಂದು ಯಾರ ಕೈಗೂ ಸಿಗದೆ ಮೆರೆಯುತ್ತಿದೆ ಎಂಬ ಸುದ್ದಿ ಬಂತು. ಹೋಟೆಲ್ಲಿನಲ್ಲಿ ಯಾವನೋ ಬಾಯಿಹರುಕ, "ಕೊಟ್ರೇಶಣ್ಣ ಈಗ ಹೆಂಡ್ತಿ ಸೆರಗು ಹಿಡಿಯಾಕಷ್ಟೇ ಲಾಯಕ್ಕು ಬಿಡ್ರಿ" ಅಂದ. ಅಷ್ಟು ಸಾಕಾಯಿತು.

"ಒಂದೇ ಒಂದು ಹೋರಿ, ನೀಲಾ. ಅದನ್ನ ಹಿಡಿದು ಕೈ ತೊಳಕೊಂಡ್ಬಿಡ್ತೀನಿ."

"ನಿಮ್ಮ ಕಾಲಿಗೆ ಬೀಳ್ತೀನ್ರೀ, ಹೋಗಬ್ಯಾಡ್ರೀ. ರಕ್ತ ನಿಲ್ಲಾಕಿಲ್ಲ ಅಂತ ಡಾಕ್ಟ್ರು ಹೇಳಿಲ್ಲೇನು?"

"ಪೆಟ್ಟು ಬಿದ್ರೆ ತಾನೇ ರಕ್ತ? ನನಗ ಎಂದಾರ ಕೊಂಬು ತಾಗೇತೇನು?"

ಅತ್ತೆ ಬಸವಣ್ಣೆಮ್ಮನೂ ಮಗನಿಗೆ ಬೈದಳು, ಅತ್ತಳು, ಒಂದು ಹೊತ್ತು ಊಟ ಬಿಟ್ಟಳು. ಕಲ್ಲಿನ ಮೇಲೆ ನೀರು ಸುರಿದಂತಾಯಿತು. ಆಗ ನೀಲಾಂಬಿಕಳಿಗೆ ಒಂದು ಉಪಾಯ ಹೊಳೆಯಿತು. ಅವಳು ಗದ್ದೆಯ ಊರಿನಿಂದ ಬಂದವಳು. ಭತ್ತದ ಕೊಯ್ಲಿಗೆ ಮುಂಚೆ ಗದ್ದೆಯ ನೀರು ಕಡಿದರೆ ನೆಲ ತಾನೇ ಗಟ್ಟಿಯಾಗುತ್ತದೆ, ಆಳು ಇಳಿದರೆ ಕಾಲು ಹೂತುಕೊಳ್ಳುವುದಿಲ್ಲ. ಕೊಯ್ಲು ಮುಗಿದ ಮೇಲೆ ಮತ್ತೆ ನೀರು ಬಿಟ್ಟರಾಯಿತು. ರಕ್ತವೂ ಹಾಗೇ ಅಲ್ಲವೇ? ಹಬ್ಬದವರೆಗೆ ಗುಳಿಗೆ ನಿಲ್ಲಿಸಿದರೆ ರಕ್ತ ಗಟ್ಟಿಯಾಗುತ್ತದೆ, ಕೊಂಬು ತಾಗಿದರೂ ಜೀವ ಉಳಿಯುತ್ತದೆ. ಅಯ್ಯೋ, ಎಷ್ಟು ನೆಟ್ಟಗಿತ್ತು ಅವಳ ಲೆಕ್ಕ!

ದಿನಾ ಸಂಜೆ ಹಿಡಿ ಗುಳಿಗೆ ನುಂಗಿಸುತ್ತಿದ್ದವಳು ಅವಳೇ. ಹಬ್ಬ ಬರುವವರೆಗೂ ಅದರಲ್ಲಿ ಬಿಳಿಯದೊಂದನ್ನು ಎತ್ತಿಟ್ಟು ಉಳಿದವನ್ನಷ್ಟೇ ಕೊಡುತ್ತ ಬಂದಳು. ಅತ್ತೆಗೂ ಹೇಳಲಿಲ್ಲ.

ಹಬ್ಬದ ದಿನ ಅವಳು ದೇವರ ಮುಂದಿನಿಂದ ಏಳಲಿಲ್ಲ. ಮಧ್ಯಾಹ್ನ ಹಲಗೆ ಬಾರಿಸುವ ಸದ್ದಿನೊಂದಿಗೆ ಮೆರವಣಿಗೆಯೇ ಬಂತು. ಕೊಟ್ರೇಶ ಜನರ ಹೆಗಲ ಮೇಲಿದ್ದ, ಕೊರಳಲ್ಲಿ ಸೊರಬದ ಹೋರಿಯ ಕೊಬ್ಬರಿ ಹಾರವಿತ್ತು. ಬಚ್ಚಲಲ್ಲಿ ನೀರು ಹೊಯ್ಯುವಾಗ ನೀಲಾಂಬಿಕ ಅವನ ಮೈ ಇಂಚಿಂಚೂ ಹುಡುಕಿದಳು. ಒಂದು ತರಚು ಗಾಯವೂ ಇರಲಿಲ್ಲ. "ಏನ್ ನೋಡ್ತೀಯಲೇ, ಹೊಸಾ ಗಂಡನ ನೋಡಿದಂಗ?" ಎಂದು ಅವನು ನಕ್ಕ. ಅವಳೂ ನಕ್ಕಳು, ಆ ಸಂಜೆಯೇ ಬಿಳಿ ಗುಳಿಗೆಯನ್ನು ಮತ್ತೆ ಸೇರಿಸಿ ಕೊಟ್ಟಳು.

ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತಿದ್ದವನ ಕೈಯಿಂದ ಬಟ್ಟಲು ಜಾರಿತು. ಅದನ್ನು ನೋಡಿ ನಗಲು ಹೋದವನ ಬಾಯಿ ಒಂದು ಕಡೆಗೆ ಎಳೆದುಕೊಂಡಿತು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ, "ಗುಳಿಗೆ ತಪ್ಪಿಸಿದ್ರಾ?" ಎಂದು. ನೀಲಾಂಬಿಕ ಬಾಯಿ ತೆರೆಯುವಷ್ಟರಲ್ಲಿ ಬಸವಣ್ಣೆಮ್ಮ ಮುಂದೆ ಬಂದಳು. "ಇಲ್ರೀ ಸಾಹೇಬ್ರ, ನನ್ನ ಸೊಸಿ ಮುಂದ ನಿಂತು ನುಂಗಿಸ್ತಾಳ. ಈ ಮಗನೇ ನಮ್ಮ ಮಾತು ಕೇಳದ ಹೋರಿ ಹಿಡಿಯಾಕ ಹೋದ." ಡಾಕ್ಟರು ತಲೆಯಾಡಿಸಿದರು. ಗುಳಿಗೆ ಇಲ್ಲದಿದ್ದರೆ ಆ ಲೋಹದ ಕವಾಟದ ಮೇಲೇ ರಕ್ತ ಹೆಪ್ಪುಗಟ್ಟುತ್ತದೆ, ಅದರ ಚೂರು ಹೋಗಿ ಮಿದುಳಿನ ನರ ಕಟ್ಟುತ್ತದೆ, ಅದಕ್ಕೇ ಕೇಳಿದ್ದು ಎಂದರು. ನೀಲಾಂಬಿಕಳಿಗೆ ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಹೋರಿ ಅವನನ್ನು ಮುಟ್ಟಿರಲಿಲ್ಲ, ಮುಟ್ಟಿದ್ದು ತಾನು. ಅಲ್ಲೇ ಹೇಳಬಹುದಿತ್ತು, ಹೇಳಲಿಲ್ಲ.

ಕೊಟ್ರೇಶನ ಜೀವ ಉಳಿಯಿತು. ಬಲಗೈ ಹೋಯಿತು, ಮಾತು ಹೋಯಿತು. ನೋಡಲು ಬಂದವರೆಲ್ಲ, "ಪಾಪ, ಆಕಿ ಎಷ್ಟು ಬಡಕೊಂಡ್ಲು, ಇಂವ ಕೇಳಲಿಲ್ಲ" ಎಂದು ಅವಳ ಬೆನ್ನು ಸವರಿ ಹೋಗುತ್ತಿದ್ದರು. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು, ಆ ಕನಿಕರವನ್ನು ತಡೆಯಲಾಗುತ್ತಿರಲಿಲ್ಲ.

ಬೇಸಿಗೆ ಕಳೆಯುವ ಹೊತ್ತಿಗೆ ಅವನಿಗೆ ಒಂದೊಂದೇ ಮಾತು ತಿರುಗಿ ಬಂತು. ನೀರು, ಅವ್ವ, ನೀಲಾ. ಒಂದು ಮಧ್ಯಾಹ್ನ ಅವಳು ಅವನ ಬಲಗೈಗೆ ಎಣ್ಣೆ ತಿಕ್ಕುತ್ತಿದ್ದಾಗ ಅವನು ಎಡಗೈಯಿಂದ ತನ್ನ ಗಲ್ಲ ಗಲ್ಲ ಬಡಿದುಕೊಂಡು, ತಡೆದು ತಡೆದು ಹೇಳಿದ: "ನಿನ್... ಮಾತ... ಕೇಳಬೇಕಿತ್ತು. ತಪ್ಪಾತು."

ನೀಲಾಂಬಿಕ ಅವನ ಕೈ ಹಿಡಿದು ನಿಲ್ಲಿಸಿದಳು. "ನೀವು ತಪ್ಪು ಮಾಡಿಲ್ರೀ. ಗುಳಿಗಿ ನಾನೇ ಎತ್ತಿಟ್ಟಿದ್ದೆ. ನೀವು ಉಳೀಲಿ ಅಂತ ಎತ್ತಿಟ್ಟೆ" ಎಂದು ಹೇಳಿ ಬಿಕ್ಕಿ ಬಿಕ್ಕಿ ಅತ್ತಳು. ಅವನು ಗೋಡೆಯ ಕಡೆ ಹೊರಳಿದ.

ಸಂಜೆ ಅವಳು ಎಂದಿನಂತೆ ನೀರು, ಗುಳಿಗೆ ತಂದಳು. ಅಷ್ಟು ದಿನವೂ ಮಗುವಿನಂತೆ ಬಾಯಿ ತೆರೆಯುತ್ತಿದ್ದವನು ಅಂದು ಎಡಗೈ ಚಾಚಿದ. ಗುಳಿಗೆಗಳನ್ನು ಕಂಬಳಿಯ ಮೇಲೆ ಸುರಿದುಕೊಂಡು, ಬೆರಳಿನಿಂದ ಒಂದೊಂದೇ ಸರಿಸಿ ಬಿಳಿಯದನ್ನು ಹುಡುಕಿದ. ಸಿಕ್ಕಿದ ಮೇಲೆ ಅದನ್ನು ಮೊದಲು ಬಾಯಿಗೆ ಹಾಕಿಕೊಂಡು, ನೀರಿಗಾಗಿ ಕೈ ನೀಡಿದ.