ಒಂದೇ ಬಟ್ಟಲ ಎಣ್ಣೆ

ಹೊಸಕೆರೆಹಳ್ಳಿಯ ಸೊಣ್ಣಮ್ಮನ ಕೈಗೆ ಎಣ್ಣೆ ಬಟ್ಟಲು ಕೊಟ್ಟರೆ ಮೊದಲು ಮೂಸುತ್ತಿದ್ದಳು. ಆಮೇಲೆ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸುವಳು. ಆಮೇಲೆ ಕಿಟಕಿಯ ಬೆಳಕಿಗೆ ಹಿಡಿದು ನೋಡುವಳು. ಅಷ್ಟರಲ್ಲಿ ಎಣ್ಣೆ ಹಚ್ಚಿಸಿಕೊಳ್ಳಬೇಕಾದ ಕೂಸು ಅತ್ತು ಅತ್ತು ಸುಸ್ತಾಗಿರುತ್ತಿತ್ತು. "ಏನೇ ಸೊಣ್ಣಮ್ಮ, ಕೂಸಿಗೆ ಅಂತ ಕೊಟ್ರೆ ನೀನೇ ಕುಡೀತೀಯಲ್ಲೇ" ಅಂತ ಮನೆಯವರು ಗದರಿದರೆ, "ಇದ್ಯಾವ ಗಾಣದ್ದು ಅಮ್ಮಾರೆ? ಕರಿ ಎಳ್ಳೋ ಬಿಳಿ ಎಳ್ಳೋ? ಕಾಯಿಸುವಾಗ ಓಮ ಹಾಕಿದ್ರಾ? ಅದ್ಯಾಕೆ ಹಾಕಿದ್ರಿ?" ಅಂತ ತಿರುಗಿ ಅವರನ್ನೇ ಹಿಡಿದುಕೊಳ್ಳುವಳು.

ಊರಲ್ಲಿ ಅವಳಿಗೆ 'ಅದ್ಯಾಕಮ್ಮ' ಅಂತಲೇ ಅಡ್ಡಹೆಸರು. ಬಸ್ ಡ್ರೈವರನ್ನೂ ಬಿಡದೆ "ಅದ್ಯಾಕಣ್ಣ ಇಲ್ಲಿ ಬ್ರೇಕ್ ಒತ್ತಿದೆ?" ಅಂತ ಕೇಳಿ ಬೈಸಿಕೊಂಡವಳು. ಗಂಡ ಬೋರಣ್ಣ ಮಾತ್ರ ಬೈಯುತ್ತಿರಲಿಲ್ಲ, ಪಾಪ. ಅವನು ಉತ್ತರ ಕೊಡುವುದನ್ನೇ ಬಿಟ್ಟು ಎಷ್ಟೋ ವರ್ಷವಾಗಿತ್ತು. ಕೆರೆಯ ಕೆಳಗಿನ ತುಂಡು ಭೂಮಿಯಲ್ಲಿ ದಂಟು, ಕೊತ್ತಂಬರಿ ಬೆಳೆದುಕೊಂಡಿದ್ದವನು, ಜಯನಗರದಲ್ಲಿ ಸಾಲುಸಾಲು ಮನೆಗಳೆದ್ದು ಮನೆಮನೆಗೂ ದೇವರ ಕೋಣೆ ಬಂದಮೇಲೆ ಸೊಪ್ಪು ಕಿತ್ತು ಸೇವಂತಿಗೆ ಹಾಕಿದ್ದ. ಅದೇ ಮೊದಲ ಬೆಳೆ. ಬೆಳಿಗ್ಗೆ ಮಂಜಿನಲ್ಲೇ ಗಂಡ ಹೆಂಡತಿ ಇಬ್ಬರೂ ಹೂ ಬಿಡಿಸುತ್ತಿದ್ದರು. ಆಮೇಲೆ ಹೂವಿನ ಮಂಕರಿ ಮಾರ್ಕೆಟ್ಟಿನ ದಾರಿ ಹಿಡಿದರೆ, ಸೊಣ್ಣಮ್ಮ ಕಾಲುವೆಯಲ್ಲಿ ಕೈ ಜಾಲಿಸಿಕೊಂಡು ಜಯನಗರದ ದಾರಿ ಹಿಡಿಯುವಳು.

ಅವಳ ಕೆಲಸ ಬಾಣಂತಿಯರಿಗೂ ಕೂಸುಗಳಿಗೂ ಎಣ್ಣೆ ಹಚ್ಚಿ ನೀರು ಹಾಕುವುದು. ಕಾಲು ಚಾಚಿ ಕೂತು, ಮೊಣಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು, ಬೆನ್ನಿಗೆ ಅಂಗೈ ಇಟ್ಟರೆ ಸಾಕು, ಎಂಥ ರಚ್ಚೆ ಹಿಡಿದ ಕೂಸಾದರೂ ಕಣ್ಣು ಮುಚ್ಚುತ್ತಿತ್ತು. "ಸೊಣ್ಣಮ್ಮನ ಕೈಗುಣ" ಅನ್ನುವ ಮಾತು ಬನಶಂಕರಿಯಿಂದ ಬಸವನಗುಡಿಯವರೆಗೆ ಓಡಾಡಿಕೊಂಡಿತ್ತು. ಒಬ್ಬರ ಮನೆ ಬಾಣಂತನ ಮುಗಿಯುವುದರೊಳಗೆ ಇನ್ನೊಬ್ಬರು ಕರೆಯಲು ಬರುತ್ತಿದ್ದರು. ಅವಳಿಗೆ ಮಕ್ಕಳಾಗಿರಲಿಲ್ಲ. ಅದರ ಬಗ್ಗೆ ಅವಳು ಯಾರನ್ನೂ 'ಅದ್ಯಾಕೆ' ಅಂತ ಕೇಳಿದವಳಲ್ಲ. ಊರಿನ ಕೂಸುಗಳೆಲ್ಲ ತನ್ನ ಕೈಯಲ್ಲಿ ಮೈ ತುಂಬಿಕೊಳ್ಳುತ್ತವಲ್ಲ, ಆ ಹೆಮ್ಮೆಯೊಂದೇ ಅವಳ ಆಸ್ತಿಯಾಗಿತ್ತು.

ಅರವತ್ತೊಂದನೇ ಇಸವಿಯ ಕಾರ್ತೀಕದಲ್ಲಿ ಜಯನಗರದ ಮೀನಾಕ್ಷಮ್ಮನವರು ಹೇಳಿಕಳಿಸಿದರು. ಅವರ ಮಗಳು ಕಾತ್ಯಾಯಿನಿ ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ಹೆಣ್ಣು ಕೂಸು, ಬೆಣ್ಣೆಮುದ್ದೆಯಂಥ ಮೈ. ಕಾತ್ಯಾಯಿನಿಗೆ ಕೂಸನ್ನು ಎತ್ತಿಕೊಳ್ಳುವುದಕ್ಕೇ ಭಯ. ಕುತ್ತಿಗೆ ಉಳುಕೀತೋ, ಕೈ ಜಾರೀತೋ ಅಂತ ದೂರದಿಂದಲೇ ನೋಡುತ್ತಿದ್ದಳು. ಸೊಣ್ಣಮ್ಮ ದಿನವೂ ದೇವರಿಗೆ ಒಂದಿಷ್ಟು, ಬಾಣಂತಿಗೆ ಒಂದು ತುಂಡು ಸೇವಂತಿಗೆ ತರುತ್ತಿದ್ದಳು. ಕಾತ್ಯಾಯಿನಿ ನಕ್ಕು ಇಸಿದುಕೊಂಡು ಕಿಟಕಿಯ ಮೇಲಿಡುವಳು. ತಲೆಗೆ ಬಟ್ಟೆ ಕಟ್ಟಿದ ಬಾಣಂತಿ ಎಲ್ಲಿ ಮುಡಿಯಬೇಕು ಅಂತ ಸೊಣ್ಣಮ್ಮನೂ ಸುಮ್ಮನಾಗುವಳು.

ಒಂದು ಬೆಳಿಗ್ಗೆ ನೋಡಿದರೆ ಕೂಸಿನ ಬೆನ್ನು, ತೊಡೆಯೆಲ್ಲ ಕೆಂಪು ಕೆಂಪು ಗಂಧೆ! ಮುಟ್ಟಿದರೆ ಕಿಟಾರನೆ ಕಿರುಚುತ್ತಿತ್ತು. ಮೊದಲು ಮೀನಾಕ್ಷಮ್ಮನವರು ದೃಷ್ಟಿ ತೆಗೆದರು. ಇಳಿಯಲಿಲ್ಲ. ಡಾಕ್ಟರು ಗುಲಾಬಿ ಬಣ್ಣದ ಲೋಷನ್ ಕೊಟ್ಟು, "ಕೆಲವರ ಚರ್ಮ ಬಹಳ ಸೂಕ್ಷ್ಮ, ಎಣ್ಣೆ ಬದಲಾಯಿಸಿ ನೋಡಿ" ಅಂದರು.

ಸರಿ, ಸೊಣ್ಣಮ್ಮನಿಗೆ ಇನ್ನೇನು ಬೇಕು? ಯಡಿಯೂರಿನ ಶಾಂತವೀರಪ್ಪನ ಗಾಣಕ್ಕೇ ನುಗ್ಗಿದಳು. ಅವನ ಎಳ್ಳೆಣ್ಣೆಯೇ ಆ ಮನೆಗೆ ಹೋಗುತ್ತಿದ್ದುದು. "ಎಳ್ಳಿಗೆ ಮುಂಚೆ ಹೊಂಗೆ ಆಡಿಸಿದ್ದಾ? ಗಾಣ ಯಾವುದರಲ್ಲಿ ಒರೆಸ್ತೀಯ? ಆ ಬಟ್ಟೆ ತೋರಿಸು!" ಒರಳಿನೊಳಗೇ ತಲೆ ಹಾಕಿದಳು, ಹಿಂಡಿ ನೆಕ್ಕಿದಳು. ಶಾಂತವೀರಪ್ಪನಿಗೆ ರೇಗಿಹೋಯಿತು. "ನಮ್ಮನೆ ಮಕ್ಕಳೆಲ್ಲ ಇದ್ರಲ್ಲೇ ಬೆಳೆದವ್ರೆ ಕಣಮ್ಮೋ! ಹೋಗಿ ನಿಮ್ಮಮ್ಮಾರಿಗೆ ಹೇಳು" ಅಂತ ಎತ್ತು ಹೊಡೆಯುವ ಕೋಲನ್ನೇ ನೆಲಕ್ಕೆ ಕುಟ್ಟಿದ. ಆದರೂ ಮೀನಾಕ್ಷಮ್ಮನವರು ಅವನ ಎಣ್ಣೆಗೆ ಬಾಗಿಲು ಹಾಕಿದರು.

ಆಮೇಲೆ ಸೊಣ್ಣಮ್ಮ ತನ್ನದೇ ಒಂದು ಪರೀಕ್ಷೆ ಕಟ್ಟಿದಳು. ಹೊಸ ಎಣ್ಣೆ ಬಂದರೆ ಮೈತುಂಬ ಹಚ್ಚುವುದಿಲ್ಲ. ಕೂಸಿನ ಮೊಣಕಾಲ ಹಿಂದೆ ಬೆರಳಲ್ಲಿ ಒಂದು ಬೊಟ್ಟು ಇಟ್ಟು, ಮಾರನೇ ದಿನದವರೆಗೂ ಕಾಯುವುದು. ಕೊಬ್ಬರಿ ಎಣ್ಣೆ ಇಟ್ಟಳು, ಕೆಂಪಾಯಿತು. ಹರಳೆಣ್ಣೆ ಇಟ್ಟಳು, ಕೆಂಪಾಯಿತು. ಬೆಣ್ಣೆಯೇ ಇಟ್ಟು ನೋಡಿದಳು. ಅದಕ್ಕೂ ಕೆಂಪು! ಸೊಣ್ಣಮ್ಮನಿಗೆ ತಲೆ ಗಿರ್ರೆಂದಿತು. ತೆಂಗಿಗೂ ಹರಳಿಗೂ ಹಸುವಿಗೂ ಏನು ನೆಂಟಸ್ತಿಕೆ? ಇಷ್ಟು ದಿನದ ಬದುಕಿನಲ್ಲಿ ಉತ್ತರ ಸಿಗದ ಅದ್ಯಾಕೆ ಅಂದರೆ ಇದೊಂದೇ.

ಮೀನಾಕ್ಷಮ್ಮನವರಿಗೆ ಉತ್ತರ ಸಿಕ್ಕಿತ್ತು. "ಎಣ್ಣೆ ಅಲ್ಲ ಅಂದ್ಮೇಲೆ ಹಾಲೇ. ಬಾಣಂತಿ ಹಾಲು ನಂಜಾಗಿದೆ" ಅಂದುಬಿಟ್ಟರು. ಬಾಣಂತಿ ತಿನ್ನಬಾರದ್ದು ತಿಂದರೆ ಹಾಲಿಗೆ ನಂಜೇರಿ ಕೂಸಿನ ಮೈಮೇಲೆ ಹೊರಡುತ್ತದೆ ಅನ್ನುವುದು ಆ ಕಾಲದವರ ನಂಬಿಕೆ. "ನಿಜ ಹೇಳು, ಕದ್ದು ಉಪ್ಪಿನಕಾಯಿ ತಿಂದ್ಯಾ?" ಅಂತ ಮಗಳನ್ನು ಕೂರಿಸಿಕೊಂಡು ವಿಚಾರಣೆ. ಇಲ್ಲ ಅಂದರೆ ನಂಬುವವರು ಯಾರು? ಸಾರು ನಿಂತಿತು, ಬೇಳೆ ನಿಂತಿತು, ಕೊನೆಗೆ ಅನ್ನ, ತುಪ್ಪ, ಉಪ್ಪು ಉಳಿಯಿತು. ಹಸಿದ ಹುಡುಗಿಯ ಕಣ್ಣು ಗುಳಿ ಬಿದ್ದವು. ಕೂಸು ಕೆಂಪಾಗಿಯೇ ಇತ್ತು. "ನಾಳೆಯಿಂದ ನಿನ್ನ ಹಾಲು ಬೇಡ. ಡಬ್ಬಿ ಹಾಲು ತರಿಸ್ತೀನಿ" ಅಂದರು ಮೀನಾಕ್ಷಮ್ಮ. ಕಾತ್ಯಾಯಿನಿ ಗೋಡೆಗೆ ಮುಖ ಮಾಡಿ ಮಲಗಿದಳು. ಅವಳ ಎದೆ ಬಿಗಿದು ಕುಪ್ಪಸ ಒದ್ದೆಯಾಗಿದ್ದುದನ್ನು ಸೊಣ್ಣಮ್ಮ ಕಂಡಳು.

ಅದೇ ದಿನ ಸೊಣ್ಣಮ್ಮ ಹಂಡೆಯ ಒಲೆ ಊದಲು ಬಚ್ಚಲಿಗೆ ಹೋಗಿದ್ದಾಗ ಕೂಸು ಚೀರಿತು. ಯಾರೂ ಇರಲಿಲ್ಲ. ಕಾತ್ಯಾಯಿನಿ ಎದ್ದು ಬಂದು, ಹೆದರಿ ಹೆದರಿ, ತಪ್ಪು ಹಾಲಿನದು ಅಂದಮೇಲೆ ಮತ್ತೆ ಬಟ್ಟಲಿಗೆ ಬಂದಿದ್ದ ಕೊಬ್ಬರಿ ಎಣ್ಣೆಯನ್ನು ಕೂಸಿನ ಬಲಗಾಲಿಗೆ ಸವರಿ ಸಮಾಧಾನ ಮಾಡುತ್ತಿದ್ದಳು. "ಅಯ್ಯೋ, ನೀವ್ಯಾಕೆ ಎದ್ರಿ ತಾಯಿ" ಅಂತ ಸೊಣ್ಣಮ್ಮ ಓಡಿಬಂದು, ಅದೇ ಬಟ್ಟಲಿಗೆ ಕೈ ಅದ್ದಿ ಎಡಗಾಲಿಗೆ ಹಚ್ಚಿ, ನೀರು ಹಾಕಿ, ತೊಟ್ಟಿಲಿಗೆ ಹಾಕಿದಳು.

ಮಾರನೇ ಬೆಳಿಗ್ಗೆ ಬಟ್ಟೆ ಬಿಚ್ಚಿದರೆ ಎಡಗಾಲು ಕೆಂಪು. ಬಲಗಾಲು, ಹಳೆಯ ಕೆಂಪೂ ಇಳಿದು, ಹಾಲಿನಂತೆ ಬೆಳ್ಳಗೆ.

ಸೊಣ್ಣಮ್ಮ ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಒಂದೇ ಬಟ್ಟಲು, ಒಂದೇ ಎಣ್ಣೆ, ಒಂದೇ ಕೂಸು. ಕುಡಿದ ಹಾಲೂ ಒಂದೇ, ಹಾಲು ಒಂದು ಕಾಲಿಗೆ ನಂಜಾಗಿ ಇನ್ನೊಂದಕ್ಕೆ ಅಮೃತವಾಗುತ್ತದೆಯೇ? ಬೇರೆಯಾಗಿದ್ದದ್ದು ಕೈ. ಪರೀಕ್ಷೆ ಅಂತ ಇಟ್ಟ ಒಂದೊಂದು ಬೊಟ್ಟನ್ನೂ ಇಟ್ಟದ್ದು ಯಾರ ಬೆರಳು?

ಮಾತಾಡದೆ ಇರಬಹುದಾಗಿತ್ತು. ಯಾರೂ ನೋಡಿರಲಿಲ್ಲ. ನಾಲ್ಕು ದಿನ ಹುಷಾರಿಲ್ಲ ಅಂತ ಮನೆಯಲ್ಲಿ ಮಲಗಿದರೆ ಕೂಸಿನ ಮೈ ತಾನೇ ತಿಳಿಯಾಗುತ್ತದೆ, ಡಬ್ಬಿ ಹಾಲಿನಿಂದ ವಾಸಿಯಾಯಿತು ಅಂತ ಮೀನಾಕ್ಷಮ್ಮನವರೂ ಖುಷಿಪಡುತ್ತಾರೆ, ಕೈಗುಣವೂ ಉಳಿಯುತ್ತದೆ. ಇದೆಲ್ಲ ಸೊಣ್ಣಮ್ಮನ ತಲೆಯಲ್ಲಿ ಹಾದುಹೋಗಲಿಲ್ಲ ಅಂತ ನಾನು ಸುಳ್ಳು ಹೇಳುವುದಿಲ್ಲ. ಸರಿಯಾಗಿ ಆಗಲೇ ಮೀನಾಕ್ಷಮ್ಮನವರು ಹಾಲಿನ ಪುಡಿಯ ಡಬ್ಬಿ, ಒಂದು ಚಮಚ, ಬಿಸಿನೀರು ಹಿಡಿದು ಒಳಗೆ ಬಂದರು. ಕಾತ್ಯಾಯಿನಿ ಕೂಸಿನತ್ತ ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

"ಅಮ್ಮಾರೆ, ಆ ಡಬ್ಬಿ ಮುಚ್ಚಿ" ಅಂದಳು ಸೊಣ್ಣಮ್ಮ. "ಹಾಲಿನ ತಪ್ಪಿಲ್ಲ. ಗಾಣದವನ ತಪ್ಪೂ ಇಲ್ಲ. ನನ್ನ ಕೈಯ್ದು."

ಎರಡು ಕಾಲೂ ತೋರಿಸಿದಳು. ಮೀನಾಕ್ಷಮ್ಮನವರು ಕನ್ನಡಕ ಹಾಕಿಕೊಂಡು ನೋಡಿದರು, ತೆಗೆದು ನೋಡಿದರು. ಆಮೇಲೆ ಮುಖ ಕೆಂಪಾಯಿತು. "ಅಲ್ವೇ, ಹೊಟ್ಟೆಗಿಲ್ಲದ ಹಾಗೆ ಮಗಳನ್ನ ಒಣಗಿಸಿದ್ನಲ್ಲೇ! ಏನು ಕೈಯೇ ಅದು? ಮುಟ್ಟಬೇಡ ಮಗೂನ, ದೂರ ಕೂತ್ಕೋ!"

ಸೊಣ್ಣಮ್ಮ ಬಾಗಿಲ ಹತ್ತಿರ ಹೋಗಿ ಕೂತಳು. ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಅಷ್ಟು ನಾಚಿಕೆ ಅವಳಿಗೆ ಜನ್ಮದಲ್ಲಿ ಆಗಿರಲಿಲ್ಲ. ಕಾತ್ಯಾಯಿನಿ ಕೂಸನ್ನೆತ್ತಿ ಎದೆಗೆ ಹಚ್ಚಿಕೊಂಡಳು, ಅದು ಗುಟುಕು ಗುಟುಕಾಗಿ ಕುಡಿಯುವ ಸದ್ದು ಬಾಗಿಲವರೆಗೂ ಕೇಳುತ್ತಿತ್ತು. ಆಮೇಲೆ ಅವಳು ತಾಯಿಯ ಕಡೆ ತಿರುಗದೆ ಹೇಳಿದಳು, "ನೀವು ಹೋಗಬೇಡಿ ಸೊಣ್ಣಮ್ಮ. ಅಲ್ಲಿಂದಲೇ ಹೇಳಿಕೊಡಿ, ನಾನು ಹಚ್ಚುತೀನಿ."

ಆ ಒಂದು ವಾರ ಸೊಣ್ಣಮ್ಮ ಬಾಗಿಲಲ್ಲಿ ಕೂತು ಬಾಯಿಯಲ್ಲೇ ಎಣ್ಣೆ ಹಚ್ಚಿದಳು. "ಅಂಗಲ್ಲ ತಾಯಿ, ಒತ್ತಬೇಡಿ, ಕೈ ಜಾರೋಕೆ ಬಿಡಿ. ಎಣ್ಣೆ ಬೆಚ್ಚಗಿದ್ಯಾ? ಮೊದಲು ನಿಮ್ಮ ಮುಂಗೈಗೆ ಹಾಕ್ಕೊಂಡು ನೋಡಿ. ಹೂಂ, ಈಗ ಬೆನ್ನು." ಕಾತ್ಯಾಯಿನಿಯ ಹೆದರಿಕೆ ಹಾಗೇ ಕರಗಿತು. ಕೂಸಿನ ಮೈಯೂ ತಿಳಿಯಾಯಿತು. ಶಾಂತವೀರಪ್ಪನ ಎಳ್ಳೆಣ್ಣೆ ಮತ್ತೆ ಮನೆಗೆ ಬಂತು. ಅವನು ಮಾತ್ರ ಮುಖ ಊದಿಸಿಕೊಂಡೇ ಅಳೆದ.

ಆದರೆ ಕೈಯಲ್ಲಿ ಏನಿದೆ? ಅದ್ಯಾಕೆ ಅನ್ನುವುದು ಸೊಣ್ಣಮ್ಮನಿಗೆ ಅನ್ನ ತಿನ್ನಲು ಬಿಡಲಿಲ್ಲ. ಸೀಗೆಪುಡಿಯೇ, ಸುಣ್ಣವೇ, ಸಗಣಿಯೇ? ಅದೆಲ್ಲ ಮೊದಲಿನಿಂದಲೂ ಮುಟ್ಟುತ್ತಿದ್ದದ್ದೇ. ಒಂದು ದಿನ ಹೀಗೇ ಯೋಚಿಸುತ್ತ ಕಿಟಕಿಯತ್ತ ನೋಡಿದಳು. ತಾನು ತಂದ ಹೂವುಗಳು ಸಾಲಾಗಿ ಒಣಗಿ ಕೂತಿದ್ದವು. ಬಾಣಂತಿ ತಲೆಯ ಬಟ್ಟೆ ಬಿಚ್ಚಿ, ಜಡೆ ಹೆಣೆದು, ಮಲ್ಲಿಗೆ ಮುಡಿದಿದ್ದಳು.

"ಅದ್ಯಾಕೆ ತಾಯಿ, ನನ್ನ ಹೂ ಮುಡಿಯಲ್ಲ ನೀವು?" ಅಂದಳು. ದನಿಯಲ್ಲಿ ಸ್ವಲ್ಪ ಮುನಿಸೂ ಇತ್ತು.

ಕಾತ್ಯಾಯಿನಿ ಸಂಕೋಚದಿಂದ ನಕ್ಕಳು. "ಬೇಜಾರು ಮಾಡ್ಕೋಬೇಡಿ. ಸೇವಂತಿಗೆ ಮುಡಿದ್ರೆ ನನಗೆ ಕತ್ತೆಲ್ಲ ತುರಿಸುತ್ತೆ, ಚಿಕ್ಕಂದಿನಿಂದ. ಅಮ್ಮ ಅದನ್ನ ಬರೀ ಫ್ಯಾಷನ್ನು ಅಂತಾರೆ." ಮತ್ತೆ ದನಿ ತಗ್ಗಿಸಿ, "ನೀವು ಎಣ್ಣೆ ಹಚ್ಚಿದಾಗ ನನ್ನ ಬೆನ್ನೂ ಉರೀತಿತ್ತು. ಹೇಳಿದ್ರೆ ಅಮ್ಮ ತುಪ್ಪಾನೂ ನಿಲ್ಲಿಸ್ತಿದ್ರು" ಅಂದಳು.

ಸೊಣ್ಣಮ್ಮ ಸೆರಗಿನಿಂದ ಕೈ ಹೊರಗೆ ತೆಗೆದಳು. ಉಗುರಿನ ಸಂದಿಯಲ್ಲಿ ಹಸಿರು ಮಿಶ್ರಿತ ಕಪ್ಪು ಅಂಟು ಗೀಟು ಹಾಕಿದಂತೆ ಕೂತಿತ್ತು. ಹೂ ಬಿಡಿಸುವಾಗ ತೊಟ್ಟಿನಿಂದ ಸೋರುವ ಅಂಟು, ಕಾಲುವೆಯ ನೀರಿಗೆಲ್ಲ ಹೋಗುವಂಥದ್ದಲ್ಲ. ದೇವರಿಗೆ ಅಂತ ಬೆಳೆದದ್ದು, ಕೂಸಿನ ಮೈ ಸುಡುತ್ತಿತ್ತು! "ಅಯ್ಯೋ ಶಿವನೇ" ಅಂದಳು. ಅಳುವೂ ಬಂತು, ಸಿಕ್ಕಿತಲ್ಲ ಅಂತ ನಗುವೂ ಬಂತು.

ಮನೆಗೆ ಹೋಗಿ ಬೋರಣ್ಣನಿಗೆ, "ನಾಳೆಯಿಂದ ನಾನು ಹೂ ಮುಟ್ಟಾಕಿಲ್ಲ" ಅಂದಳು. ಅವನು ಎಷ್ಟೋ ವರ್ಷಗಳ ಮೇಲೆ ಮೊದಲ ಸಲ, "ಅದ್ಯಾಕೆ?" ಅಂದ. ಕತೆಯೆಲ್ಲ ಕೇಳಿ, ತಲೆ ಕೆರೆದುಕೊಂಡು, "ಬಾಣಂತಿ ಮನೆ ಮುಗಿಯೋ ತಂಕ ನಾನೇ ಬಿಡಿಸ್ತೀನಿ ಬಿಡು" ಅಂದ. ಬಿಡಿಸಿದ ಕೂಡ, ಗೊಣಗುತ್ತ. ಸೊಣ್ಣಮ್ಮ ಸೀಗೆಪುಡಿ ಹಾಕಿ ತಿಕ್ಕಿದಳು, ಉಗುರು ಮಟ್ಟಸ ಕತ್ತರಿಸಿಕೊಂಡಳು, ಹುಣಸೆಹಣ್ಣು ಹಾಕಿ ಉಜ್ಜಿದಳು. ಅಂಟು ಪೂರಾ ಹೋದಮೇಲೂ ಕೂಸನ್ನು ಮುಟ್ಟಲು ಧೈರ್ಯ ಬರಲಿಲ್ಲ. ಕಾತ್ಯಾಯಿನಿಯೇ ತನ್ನ ತೋಳು ಚಾಚಿ, "ಮೊದಲು ನನಗೆ ಹಚ್ಚಿ ನೋಡಿ. ಅವಳ ಚರ್ಮ ನನ್ನದೇ ತಾನೇ" ಅಂದಳು. ತೋಳು ಕೆಂಪಾಗಲಿಲ್ಲ. ಆಮೇಲೆ ಮೀನಾಕ್ಷಮ್ಮನವರು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಂತೆಯೇ ಕೂಸಿನ ಬಲಗಾಲಿಗೆ, ಆ ಬೆಳ್ಳಗಿದ್ದ ಕಾಲಿಗೇ, ಸೊಣ್ಣಮ್ಮ ಬೆರಳು ಸವರಿದಳು.

ಮಾರನೇ ದಿನ ಹೊಸಕೆರೆಹಳ್ಳಿಯಿಂದ ಜಯನಗರ ಅವಳಿಗೆ ಕಾಶಿಯಷ್ಟು ದೂರವೆನಿಸಿತು. ಒಳಗೆ ಬಂದು ಬಾಗಿಲಲ್ಲೇ ಕೂತಳು. ಮೀನಾಕ್ಷಮ್ಮನವರು ಕೂಸನ್ನು ಕಿಟಕಿಯ ಬಿಸಿಲಿಗೆ ತಂದು, ಬಟ್ಟೆ ಬಿಚ್ಚಿ, ಕನ್ನಡಕ ಏರಿಸಿ, ಕಾಲಿನ ಒಂದೊಂದು ಮಡಿಕೆಯನ್ನೂ ಬಿಡಿಸಿ ಬಿಡಿಸಿ ನೋಡಿದರು. ಕೂಸನ್ನು ಎತ್ತಿಕೊಂಡು ಬಾಗಿಲವರೆಗೂ ಬಂದರು. ಸೊಣ್ಣಮ್ಮ ಮಾತಿಗೆ ಕಾದು ಮುಖ ನೋಡಿದಳು.

"ಸುಮ್ಮನೆ ಕೂತ್ಯಲ್ಲೇ" ಅಂದರು ಮೀನಾಕ್ಷಮ್ಮ. "ಕಾಲು ಚಾಚು. ಎಣ್ಣೆ ಆರಿಹೋಗ್ತಿದೆ."

ಸೊಣ್ಣಮ್ಮ ಕಾಲು ಚಾಚಿದಳು. ಮಡಿಲಿಗೆ ಬಿದ್ದ ಕೂಸಿನ ಬೆನ್ನಿಗೆ ಅಂಗೈ ಇಟ್ಟಳು. ಅದು ಒಮ್ಮೆ ಮುಲುಗಿ ಕಣ್ಣು ಮುಚ್ಚಿತು. ಸೊಣ್ಣಮ್ಮ ಆ ದಿನ ಎಣ್ಣೆ ಮೂಸಲಿಲ್ಲ, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕಣ್ಣೀರು ಗದ್ದದವರೆಗೂ ಇಳಿದರೂ ಒರೆಸಿಕೊಳ್ಳಲು ಕೂಸಿನ ಬೆನ್ನಿನಿಂದ ಕೈ ತೆಗೆಯಲಿಲ್ಲ.