ಅಕ್ಕನಿಗೆ ಓದಿದ ಕೊನೆಯ ಪುಟ

ಕಾದಂಬರಿಯಲ್ಲಿ ಗಂಡ ಹೆಂಡತಿಯ ತಲೆಯನ್ನು ಗೋಡೆಗೆ ಬಡಿಯುವ ಪುಟ ಬಂದಾಗ ಅಕ್ಕ ಹೊಲಿಗೆ ಯಂತ್ರದ ಪೆಡಲಿನಿಂದ ಕಾಲು ತೆಗೆದಳು.

"ನೋವು ಆಗ್ಲೇ ಗೊತ್ತಾಗಲ್ಲ ಕಣೇ. ಮೊದಲು ಕಿವಿ ಗುಂಯ್ ಅನ್ನತ್ತೆ," ಎಂದಳು. "ಹೂಂ, ಮುಂದೆ ಓದು."

ನನ್ನ ಅಕ್ಕ ಶರ್ಟಿನ ಕಾಲರ್ ಹೊಲಿಯುತ್ತಾಳೆ. ಕಾರ್ಖಾನೆಯವರು ಬಟ್ಟೆಯ ಕಟ್ಟು ತಂದು ಹಾಕುತ್ತಾರೆ. ಇವಳು ಹೊಲಿದು, ಮೂಲೆ ಕತ್ತರಿಸಿ, ತಿರುವಿ, ತುದಿ ಚೂಪು ಮಾಡುತ್ತಾಳೆ. ಗಂಡನ ಮನೆಯಿಂದ ಬಂದಾಗ ಅವಳ ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು, ಮುಂಗೈ ಮೇಲೆ ಸಿಗರೇಟಿನಿಂದ ಸುಟ್ಟ ಗಾಯಗಳಿದ್ದವು. ಆದರೂ ಮರುದಿನವೇ ಯಂತ್ರದ ಮುಂದೆ ಕೂತಳು. ಅವಳ ಕೈ ಸುಮ್ಮನಿರುವುದಿಲ್ಲ, ನನ್ನ ಬಾಯಿ ಸುಮ್ಮನಿರುವುದಿಲ್ಲ. ಹಾಗಾಗಿ ನಾನು ಜೋರಾಗಿ ಓದುತ್ತಿದ್ದೆ, ಅವಳು ಕೇಳುತ್ತ ಹೊಲಿಯುತ್ತಿದ್ದಳು.

ಅಮ್ಮನದು ಒಂದೇ ಮಂತ್ರ: "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ."

"ಉಂಡ ಮೇಲೇ ಅಲ್ವೇನಮ್ಮ ಅವನು ಹೊಡೆಯೋದು," ಎಂದು ಅಕ್ಕ ನಕ್ಕಳು. ಒಡೆದಿದ್ದ ತುಟಿ ಮತ್ತೆ ಬಿರಿದು ರಕ್ತ ಬಂತು.

ಆ ಕಾದಂಬರಿಯ ಮೇಲೆ ನಾನು ಎಂ.ಎ.ಗೆ ಸಂಶೋಧನಾ ಪ್ರಬಂಧ ಬರೆಯುತ್ತಿದ್ದೆ. ಕೊನೆಯಲ್ಲಿ ಹೆಂಡತಿ ಗಂಡನ ಒದೆತಕ್ಕೆ ಸಾಯುತ್ತಾಳೆ, ತುಟಿ ಪಿಟಕ್ಕೆನ್ನದೆ. "ಆ ಸಾವು ಅನಿವಾರ್ಯ. ಅದನ್ನೇ ಸಾಧಿಸಿ ತೋರಿಸು," ಎಂದಿದ್ದರು ನಮ್ಮ ಮೇಡಂ. ಕರಡಿನ ತುಂಬ ಅನಿವಾರ್ಯ, ಅನಿವಾರ್ಯ ಎಂದು ಬರೆದೆ. ಮೇಡಂ ಮೆಚ್ಚಿದರು ಕೂಡ.

ಆದರೆ ಕೊನೆಯ ಪುಟವನ್ನು ಅಕ್ಕನಿಗೆ ಓದುವ ದಿನ ನನ್ನ ಮೈ ಉರಿಯಿತು. ಬೆಳಿಗ್ಗೆಯೇ ಭಾವ ಫೋನ್ ಮಾಡಿದ್ದ. "ನಾಳೆ ಬರ್ತೀನಿ, ರೆಡಿ ಇರ್ಲಿ. ಇಲ್ಲಾಂದ್ರೆ ಎಳ್ಕೊಂಡು ಹೋಗ್ತೀನಿ." ಅಮ್ಮ ಆಗಲೇ ಅಕ್ಕನ ಬಟ್ಟೆ ಮಡಿಸಿ ಚೀಲಕ್ಕೆ ತುಂಬುತ್ತಿದ್ದಳು. ಈ ಸಲ ಹೋದರೆ ಅಕ್ಕ ಹೆಣವಾಗುತ್ತಾಳೆ ಎಂದು ನನಗೆ ಗೊತ್ತಿತ್ತು. ಇಂಥ ಹೊತ್ತಿನಲ್ಲಿ ಅವಳ ಮುಂದೆ ಕೂತು ಆ ಸಾವನ್ನು ಓದಲೇ? ಸುಡುಗಾಡು ಪ್ರಬಂಧ.

ಪುಟದ ಮೇಲೆ ಬೆರಳಿಟ್ಟು, ಅಲ್ಲಿಲ್ಲದ್ದನ್ನು ಓದಿದೆ. "ಅವನು ಕೈ ಎತ್ತಿದ. ಅವಳು ಕೈಗೆ ಸಿಕ್ಕ ಕುಡುಗೋಲನ್ನೇ ಬೀಸಿದಳು. ಅವನು ಕಿರುಚುತ್ತ ಹೊಸ್ತಿಲು ದಾಟಿ ಓಡಿದ."

"ಅಲ್ಲಿಗೆ ಮುಗೀತಾ?"

"ಮುಗೀತು."

"ಒಳ್ಳೇ ಪುಸ್ತಕ," ಎಂದು ಅಕ್ಕ ಇನ್ನೊಂದು ಕಾಲರ್ ಎತ್ತಿಕೊಂಡಳು.

ಮರುದಿನ ಭಾವ ಬಂದ. "ಬನ್ನಿ ಅಳಿಯಂದ್ರೇ, ಕೂತ್ಕೊಳ್ಳಿ," ಎಂದು ಅಮ್ಮ ಹೇಳುವಷ್ಟರಲ್ಲಿ ಅಕ್ಕನ ಜಡೆ ಹಿಡಿದು ಹಣೆಯನ್ನು ಯಂತ್ರದ ಕಬ್ಬಿಣಕ್ಕೆ ಬಡಿದ. ಬಿಡಿಸಲು ಹೋದ ನನ್ನ ಹೊಟ್ಟೆಗೆ ಒದ್ದ. ಬಟ್ಟೆಯ ಕಟ್ಟುಗಳ ಮೇಲೆ ಬಿದ್ದೆ, ಉಸಿರು ಸಿಕ್ಕಿಕೊಂಡಿತು. ಮತ್ತೆ ಬಡಿದ. ಮತ್ತೊಮ್ಮೆ ಜಡೆ ಎಳೆದಾಗ ಅಕ್ಕನ ಕೈಯಲ್ಲಿ ಕಾಲರ್ ಮೂಲೆ ಕತ್ತರಿಸುವ ಕತ್ತರಿ ಇತ್ತು. ಅದನ್ನು ಅವನ ತೋಳಿಗೆ ಇಳಿಸಿದಳು. ಕಿತ್ತು ಮತ್ತೆ ಎತ್ತಿದ್ದೇ ತಡ, ಅವನು ತೋಳು ಅದುಮಿಕೊಂಡು ಮೆಟ್ಟಿಲಿಳಿದು ಓಡಿದ.

"ಪೊಲೀಸ್ರನ್ನ ಕರ್ಕೊಂಡ್ ಬರ್ತೀನಿ ಕಣೇ, ಒಳಗೆ ಹಾಕಿಸ್ತೀನಿ ನಿನ್ನ," ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ.

ಬಿಳಿ ಕಾಲರುಗಳ ಮೇಲೆಲ್ಲ ರಕ್ತ. ಅಯ್ಯೋ ಪಾಪ ಎಂದು ನನಗೆ ಒಂದಿಷ್ಟೂ ಅನ್ನಿಸಲಿಲ್ಲ. ಖುಷಿಯಾಯಿತು, ಯಾರು ಕೇಳಿದರೂ ಹೇಳುತ್ತೇನೆ.

ಅಮ್ಮ ನನ್ನ ರಟ್ಟೆ ಹಿಡಿದಳು. "ನೀನೇನೂ ನೋಡಿಲ್ಲ ಅಂದ್ಬಿಡು. ಓದೋ ಹುಡುಗಿ, ಠಾಣೆ ಮೆಟ್ಟಿಲು ಹತ್ಬಾರ್ದು."

ಅಕ್ಕ ಹಣೆಗೆ ಬಟ್ಟೆಯ ಚೂರು ಒತ್ತಿಕೊಂಡು ಕೂತಿದ್ದಳು. ಕತ್ತರಿ ಇನ್ನೂ ಮಡಿಲಲ್ಲೇ ಇತ್ತು.

"ಪುಸ್ತಕದಲ್ಲಿ ಆಮೇಲೆ ಏನಾಯ್ತೇ? ಪೊಲೀಸ್ರು ಬಂದ್ರಾ?"

ಪುಸ್ತಕದಲ್ಲಿ ಆಮೇಲೆ ಏನೂ ಇಲ್ಲ. ಹೆಣ ಇದೆ, ಅಷ್ಟೇ.

"ಬಂದ್ರು," ಎಂದೆ. "ತಂಗಿ ಸಾಕ್ಷಿ ಹೇಳಿದ್ಲು."

"ಅವಳಿಗೆಲ್ಲಿದ್ಲೇ ತಂಗಿ? ಹಿಂದೆ ಮುಂದೆ ಯಾರೂ ಇಲ್ದೋಳು."

"ಇದ್ಲು ಅಕ್ಕಾ. ಆ ಪುಟ ನಿನಗೆ ಓದಿರ್ಲಿಲ್ಲ."

ಅಕ್ಕ ನನ್ನನ್ನೇ ನೋಡಿದಳು. ಸ್ವಲ್ಪ ಹೊತ್ತಿಗೆ ಕೆಳಗೆ ಜೀಪು ಬಂದು ನಿಂತಿತು. ಅಮ್ಮನ ಕೈ ಬಿಡಿಸಿಕೊಂಡು, ಹೊಟ್ಟೆ ಹಿಡಿದುಕೊಂಡೇ, ಅಕ್ಕನಿಗಿಂತ ಮೊದಲು ಮೆಟ್ಟಿಲಿಳಿದೆ.